ಹದಿನಾರಿನ ತೆರಿಗೆ, ಹದಿನಾರಿನ ಹಕ್ಕು

ಇವತ್ತು ವಿಧಾನಸೌಧ ಬೇಡ, ದಿಲ್ಲಿಯೂ ಬೇಡ. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಎಲೆಯಲ್ಲಿ ಏನು ಬಡಿಸಿದರು ಅನ್ನೋ ಸುದ್ದಿ ಒಂದು ದಿನ ಇಲ್ಲದಿದ್ದರೆ ಯಾರಿಗೂ ನಷ್ಟ ಇಲ್ಲ. ಇವತ್ತು ಒಂದು ಹಳ್ಳಿಗೆ ಹೋಗೋಣ. ಮೈಸೂರು ಜಿಲ್ಲೆ, ನಂಜನಗೂಡು ತಾಲ್ಲೂಕು. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವಿನ ಸೀಮೆ. ಊರಿನ ಹೆಸರು ಹದಿನಾರು.

ಮೈಸೂರು ಅರಸರ ಕಥೆ ಶುರುವಾಗೋದೇ ಇಲ್ಲಿಂದ. 1399ರಲ್ಲಿ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಈ ಕಡೆ ಬಂದರಂತೆ. ಹದಿನಾಡಿನ ಒಡೆಯನ ಮನೆ ಆಗ ಸಂಕಟದಲ್ಲಿತ್ತು. ಕಾರುಗಹಳ್ಳಿಯ ಮಾರನಾಯಕ ಆ ಮನೆಯ ಹೆಣ್ಣುಮಗಳ ಮೇಲೆ ಕಣ್ಣು ಹಾಕಿದ್ದ. ಅಣ್ಣತಮ್ಮಂದಿರು ಅವನನ್ನು ಮುಗಿಸಿದರು, ಯದುರಾಯ ಆ ಹುಡುಗಿಯನ್ನು ಮದುವೆಯಾಗಿ ಸೀಮೆಗೆ ಒಡೆಯನಾದ. ಇದು ಐತಿಹ್ಯ. ಆ ಹದಿನಾಡೇ ಇವತ್ತಿನ ಹದಿನಾರು ಅಂತ ಈ ಕಡೆಯ ಜನ ಹೆಮ್ಮೆಯಿಂದ ಹೇಳ್ತಾರೆ.

ಅಂದರೆ ಒಂದು ರಾಜ್ಯ ಒಂದು ಊರಿನಿಂದ ಹುಟ್ಟಿತು. ಆ ರಾಜ್ಯ ದೊಡ್ಡದಾಗಿ ಕರ್ನಾಟಕ ಆಯಿತು. ಈಗ ಆ ರಾಜ್ಯ ಆ ಊರನ್ನು ಹೇಗೆ ನೋಡಿಕೊಳ್ತಾ ಇದೆ? ಇದೇ ಇವತ್ತಿನ ನನ್ನ ಪ್ರಶ್ನೆ.

2024ರ ಫೆಬ್ರವರಿ 7 ನೆನಪಿದೆಯಾ? ದಿಲ್ಲಿಯ ಜಂತರ್ ಮಂತರ್‌ನಲ್ಲಿ ನಮ್ಮ ಮುಖ್ಯಮಂತ್ರಿ, ಉಪಮುಖ್ಯಮಂತ್ರಿ, ಮಂತ್ರಿಗಳು, ಶಾಸಕರು ಎಲ್ಲ ಧರಣಿ ಕೂತರು. ಘೋಷಣೆ ಏನು? "ನನ್ನ ತೆರಿಗೆ, ನನ್ನ ಹಕ್ಕು." ಲೆಕ್ಕವೂ ಇತ್ತು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇತ್ತು, 15ನೇ ಆಯೋಗದಲ್ಲಿ ಅದು ಶೇ 3.647ಕ್ಕೆ ಇಳಿಯಿತು. ಬಿಜೆಪಿಯವರು ಇದಕ್ಕೆ ಬೇರೆ ಲೆಕ್ಕ ಕೊಟ್ಟರು. ಆ ಜಗಳವನ್ನು ನಾವೂ ನೀವೂ ಇದೇ ಪರದೆಯ ಮೇಲೆ ಬೇಕಾದಷ್ಟು ದಿನ ನೋಡಿದ್ದೇವೆ. ನನ್ನ ಮಟ್ಟಿಗೆ ಹೇಳ್ತೀನಿ, ಆ ಘೋಷಣೆ ಒಳ್ಳೆಯ ಘೋಷಣೆ. ದುಡಿದವನು ಕೇಳಬೇಕು, ಕಟ್ಟಿದವನು ಕೇಳಬೇಕು. ಕೇಳೋದು ತಪ್ಪಲ್ಲ.

ಆದರೆ ಒಂದು ಅನುಮಾನ. ಬೆಂಗಳೂರು ದಿಲ್ಲಿಯನ್ನು ಈ ಮಾತು ಕೇಳಬಹುದಾದರೆ, ಹದಿನಾರು ಬೆಂಗಳೂರನ್ನು ಇದೇ ಮಾತು ಕೇಳಬಾರದಾ? ನನ್ನ ತೆರಿಗೆ ನನ್ನ ಹಕ್ಕು ಅನ್ನೋದು ಮೇಲಕ್ಕೆ ಮುಖ ಮಾಡಿ ಕೂಗೋಕೆ ಮಾತ್ರವಾ? ಕೆಳಕ್ಕೆ ತಿರುಗಿ ಕೇಳಿಸಿಕೊಳ್ಳೋಕೆ ಅಲ್ಲವಾ?

ಹಳ್ಳಿಯವರು ತೆರಿಗೆ ಎಲ್ಲಿ ಕಟ್ತಾರೆ ಸ್ವಾಮಿ, ಅಂತ ನಗರದಲ್ಲಿ ಕೂತು ಕೇಳುವವರು ಇದ್ದಾರೆ. ಅವರಿಗೋಸ್ಕರ ಸ್ವಲ್ಪ ವಿವರವಾಗಿ ಹೇಳ್ತೀನಿ. ಅಂಗಡಿಯಲ್ಲಿ ಸೋಪು ಕೊಂಡರೆ ಕಟ್ಟೋ ಜಿಎಸ್‌ಟಿ ಬಿಡಿ, ಪೆಟ್ರೋಲಿನ ಮೇಲಿನ ತೆರಿಗೆ ಬಿಡಿ. ಅದನ್ನು ಹಳ್ಳಿಯವನೂ ಕಟ್ತಾನೆ, ಅದು ಮೇಲಕ್ಕೆ ಹೋಗುತ್ತೆ. ನಾನು ಹೇಳ್ತಿರೋದು ಊರಲ್ಲೇ ಉಳಿಯಬೇಕಾದ ತೆರಿಗೆ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ ಗ್ರಾಮ ಪಂಚಾಯಿತಿಗೆ ತೆರಿಗೆ ಹಾಕುವ ಅಧಿಕಾರ ಕೊಟ್ಟಿದೆ. ಮನೆ, ಅಂಗಡಿ, ಖಾಲಿ ನಿವೇಶನಕ್ಕೆ ತೆರಿಗೆ. ನಲ್ಲಿಗೆ ನೀರಿನ ದರ. ಸಂತೆಗೆ ಶುಲ್ಕ. ಜಾಹೀರಾತಿಗೂ ತೆರಿಗೆ. ನಮ್ಮ ಕಡೆ ಇದನ್ನೆಲ್ಲ ಸೇರಿಸಿ ಒಂದೇ ಮಾತಲ್ಲಿ ಕಂದಾಯ ಅಂತೀವಿ.

ಆ ರಸೀದಿಯನ್ನು ಯಾವತ್ತಾದರೂ ಪೂರ್ತಿ ಓದಿದ್ದೀರಾ? ಮನೆ ತೆರಿಗೆಯ ಜೊತೆಗೆ ಉಪಕರಗಳು ಇರ್ತವೆ. ಗ್ರಂಥಾಲಯ ಕರ ಶೇ 6. ಭಿಕ್ಷುಕರ ಕರ ಶೇ 3. ಆರೋಗ್ಯ ಕರ ಶೇ 15. ಸುಮ್ಮನೆ ಲೆಕ್ಕಕ್ಕೆ ಅಂತ ಮನೆ ತೆರಿಗೆ 600 ರೂಪಾಯಿ ಅಂದುಕೊಳ್ಳಿ. ಅದರ ಮೇಲೆ ಗ್ರಂಥಾಲಯಕ್ಕೆ 36 ರೂಪಾಯಿ, ಭಿಕ್ಷುಕರ ಪುನರ್ವಸತಿಗೆ 18, ಆರೋಗ್ಯಕ್ಕೆ 90. ಈ ಕರಗಳನ್ನು ಮನೆ ತೆರಿಗೆಯ ಜೊತೆಗೇ ಪಂಚಾಯಿತಿ ವಸೂಲಿ ಮಾಡುತ್ತೆ. ಅಂದರೆ ಹದಿನಾರಿನ ಕೂಲಿಯವನೂ ಪುಸ್ತಕಕ್ಕೆ ದುಡ್ಡು ಕೊಟ್ಟಿದ್ದಾನೆ, ಭಿಕ್ಷುಕರಿಗೂ ದುಡ್ಡು ಕೊಟ್ಟಿದ್ದಾನೆ. ಇಷ್ಟು ಕೊಟ್ಟವನನ್ನು ನಾವು ಏನಂತ ಕರೀತೀವಿ? ಫಲಾನುಭವಿ! ಪಟ್ಟಿ ಮಾಡೋದೂ ಫಲಾನುಭವಿಗಳದ್ದೇ, ಸಮಾವೇಶ ಮಾಡೋದೂ ಫಲಾನುಭವಿಗಳದ್ದೇ. ತೆರಿಗೆದಾರರ ಸಮಾವೇಶ ಅಂತ ಹಳ್ಳಿಯಲ್ಲಿ ಯಾವ ಪಕ್ಷವಾದರೂ ಮಾಡಿದ್ದನ್ನು ಕಂಡಿದ್ದೀರಾ? ನಾನು ಕಂಡಿಲ್ಲ.

ಇನ್ನು ಖರ್ಚಿನ ಕಡೆ ಬನ್ನಿ. ಬೀದಿ ದೀಪದ ಬಿಲ್ಲು, ಕೊಳವೆ ಬಾವಿಯ ಮೋಟಾರಿನ ಬಿಲ್ಲು ಎರಡೂ ಪಂಚಾಯಿತಿ ತಲೆ ಮೇಲೆ. ನೀರು ಬಿಡೋ ನೀರುಗಂಟಿ, ಕರ ವಸೂಲಿಗಾರ, ಕಂಪ್ಯೂಟರ್ ಮುಂದೆ ಕೂರೋ ಹುಡುಗ, ಚರಂಡಿ ಗುಡಿಸೋ ಪೌರಕಾರ್ಮಿಕ, ಇವರೆಲ್ಲ ಪಂಚಾಯಿತಿ ನೌಕರರು. ಪರಿಶಿಷ್ಟರಿಗೆ ತೆಗೆದಿಡಬೇಕಾದ ಪಾಲು ಇದೆ, ಅಂಗವಿಕಲರಿಗೆ ಶೇ 5 ಇದೆ. ಮನೆ ಮನೆಗೆ ನಲ್ಲಿ ಹಾಕುವ ಜಲಜೀವನ್ ಮಿಷನ್ 2019ರಲ್ಲಿ ಶುರುವಾಯಿತು. ತಲೆಗೆ ದಿನಕ್ಕೆ 55 ಲೀಟರ್ ನೀರು ಕೊಡೋದು ಅದರ ಗುರಿ. ನಲ್ಲಿ ಹಾಕೋ ದಿನ ಫೋಟೋ ಇರುತ್ತೆ, ಹಾರ ಇರುತ್ತೆ. ಆಮೇಲೆ ಮೂರು ವರ್ಷಕ್ಕೆ ಪೈಪ್ ಒಡೆದರೆ? ಮೋಟಾರ್ ಸುಟ್ಟರೆ? ಆಗ ಫೋಟೋದಲ್ಲಿ ಇದ್ದವರು ಯಾರೂ ಇರಲ್ಲ. ನೀರುಗಂಟಿ ಇರ್ತಾನೆ, ಪಂಚಾಯಿತಿ ಇರುತ್ತೆ.

ಆದಾಯ ಎಲ್ಲಿಂದ? ಇಲ್ಲೇ ತೊಡಕು. ಬೇಸಾಯದ ಜಮೀನಿನ ಮೇಲೆ ಪಂಚಾಯಿತಿ ಈ ತೆರಿಗೆ ಹಾಕೋ ಹಾಗಿಲ್ಲ. ನಂಜನಗೂಡು ತಾಲ್ಲೂಕಲ್ಲೇ ತಾಂಡವಪುರದ ಕಡೆ ಹೋದರೆ ತಾಂಡ್ಯ ಕೈಗಾರಿಕಾ ಪ್ರದೇಶ ಇದೆ, ಕಾರ್ಖಾನೆಗಳಿವೆ. ಕಾರ್ಖಾನೆ ಇರೋ ಕಡೆ ಕೇಳೋಕೆ ದೊಡ್ಡ ಕಟ್ಟಡಗಳಾದರೂ ಇವೆ. ಗದ್ದೆ, ಕೆರೆ, ಹಟ್ಟಿ ಇರುವ ಊರಿಗೆ ಏನಿದೆ? ಸಣ್ಣ ಮನೆಗಳು, ನಾಲ್ಕು ಅಂಗಡಿಗಳು. ಒಂದೇ ತಾಲ್ಲೂಕು, ಒಂದೇ ಕಾನೂನು. ಆದರೂ ಎರಡು ಪಂಚಾಯಿತಿಗಳ ಕೈಚೀಲ ಒಂದೇ ತೂಕ ಇರಲ್ಲ. ಹಾಗಾಗಿ ಅನುದಾನ ಬೇಕೇ ಬೇಕು. ಅದನ್ನು ಯಾರೂ ಬೇಡ ಅನ್ನಲ್ಲ.

ಆದರೆ ಅನುದಾನ ಹೇಗೆ ಬರುತ್ತೆ ನೋಡಿ. 15ನೇ ಹಣಕಾಸು ಆಯೋಗದ ಹಣದಲ್ಲಿ 2021-22ರಿಂದ ಶೇ 60 ಭಾಗಕ್ಕೆ ಷರತ್ತು ಇತ್ತು. ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಮಾತ್ರ ಊರು ತನಗೆ ಬೇಕಾದ ಕೆಲಸಕ್ಕೆ ಬಳಸಬಹುದಿತ್ತು, ಸಂಬಳಕ್ಕೆ ಬಳಸೋ ಹಾಗಿರಲಿಲ್ಲ. ರಾಜ್ಯದ ಶಾಸನಬದ್ಧ ಅನುದಾನದಲ್ಲಿ ವಿದ್ಯುತ್ ಬಿಲ್ಲಿನ ಪಾಲು ಎಸ್ಕ್ರೋ ಖಾತೆಗೆ ಹೋಗಿ ಅಲ್ಲಿಂದಲೇ ವಿದ್ಯುತ್ ಕಂಪನಿಗೆ ಸಲ್ಲುತ್ತೆ. ಷರತ್ತು ತಪ್ಪು ಅಂತ ನಾನು ಹೇಳ್ತಿಲ್ಲ. ನೀರಿಗೆ ಖರ್ಚು ಮಾಡಿ ಅನ್ನೋದು ಒಳ್ಳೆಯದೇ. ಆದರೆ ಇಷ್ಟೆಲ್ಲ ಕಳೆದ ಮೇಲೆ ಊರಿನ ಸ್ವಂತ ಬುದ್ಧಿಗೆ ಉಳಿಯೋ ದುಡ್ಡು ಯಾವುದು? ಊರಿನ ಸ್ವಂತ ತೆರಿಗೆ. ಅದೊಂದೇ. ಅದಕ್ಕೇ ನಾನು ಆ ರಸೀದಿಯ ಹಿಂದೆ ಬಿದ್ದಿರೋದು.

ಹಾಗಾದರೆ ಪಕ್ಷಗಳು ಈ ರಸೀದಿಯ ಬಗ್ಗೆ ಯಾಕೆ ಮಾತಾಡಲ್ಲ? ಈ ಪ್ರಶ್ನೆಯನ್ನು ನಾನು ಒಬ್ಬ ಪಕ್ಷದ ಕಾರ್ಯಕರ್ತನ ಮುಂದೆ ಇಟ್ಟೆ. ಯಾವ ಪಕ್ಷ ಅಂತ ಹೇಳಲ್ಲ, ಹೇಳೋ ಅಗತ್ಯವೂ ಇಲ್ಲ, ಮೂರೂ ಕಡೆ ಇದೇ ಉತ್ತರ ಸಿಗುತ್ತೆ. ಅವರು ನಕ್ಕುಬಿಟ್ಟರು. "ಸಾರ್, ಟ್ಯಾಕ್ಸ್ ಕಟ್ಟಿ ಅಂದರೆ ವೋಟು ಹೋಗುತ್ತೆ. ರೋಡು ಹಾಕಿಸಿದೀನಿ ಅಂದರೆ ವೋಟು ಬರುತ್ತೆ. ನೀವು ಯಾವುದನ್ನ ಹೇಳ್ತೀರ?"

ಪ್ರಾಮಾಣಿಕ ಉತ್ತರ. ಪಕ್ಷದ ಕಣ್ಣಿನಿಂದ ನೋಡಿದರೆ ಇದರಲ್ಲಿ ತಪ್ಪೇ ಇಲ್ಲ. ರಸ್ತೆಗೆ ದುಡ್ಡು ಬಂತು ಅನ್ನಿ. ಮೊದಲು ಫ್ಲೆಕ್ಸ್ ಬರುತ್ತೆ, ಆಮೇಲೆ ಜಲ್ಲಿ ಬರುತ್ತೆ. "ಅನುದಾನ ತಂದ ಜನಪ್ರಿಯ ಶಾಸಕರಿಗೆ ಅಭಿನಂದನೆಗಳು." ತಂದರಂತೆ! ಅವರ ಮನೆಯಿಂದ ತಂದರಾ? ನಮ್ಮ ದುಡ್ಡು ದಿಲ್ಲಿಗೆ ಹೋಗಿ, ಬೆಂಗಳೂರಿಗೆ ಬಂದು, ಸುತ್ತಿ ಬಳಸಿ ನಮ್ಮೂರಿಗೆ ಬರುವಾಗ ಉಡುಗೊರೆ ಆಗಿರುತ್ತೆ. ಉಡುಗೊರೆ ಕೊಟ್ಟವರಿಗೆ ಕೈ ಮುಗೀಬೇಕು. ಅದೇ ತೆರಿಗೆ ಕಟ್ಟಿದವನು ಕೈ ಮುಗಿಯಲ್ಲ. ರಸೀದಿ ಹಿಡಿದು ಬಂದು ಚರಂಡಿ ಯಾಕೆ ಕಟ್ಟಿದೆ ಅಂತ ಕೇಳ್ತಾನೆ. ಕೈ ಮುಗಿಯೋ ಮತದಾರ ಬೇಕಾ, ಕೇಳೋ ಮತದಾರ ಬೇಕಾ? ಪಕ್ಷಗಳು ಯಾವತ್ತೋ ತೀರ್ಮಾನ ಮಾಡಿ ಆಗಿದೆ.

ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಕಾನೂನು ಪಕ್ಷವನ್ನು ಊರ ಬಾಗಿಲ ಹೊರಗೆ ನಿಲ್ಲಿಸಿದೆ. ಆದರೂ 2020ರ ಡಿಸೆಂಬರ್‌ನಲ್ಲಿ ಮತ ಎಣಿಕೆ ಮುಗಿದ ಕೂಡಲೇ ಏನಾಯ್ತು? ನಮ್ಮ ಬೆಂಬಲಿತರೇ ಹೆಚ್ಚು ಗೆದ್ದರು ಅಂತ ಬಿಜೆಪಿಯೂ ಹೇಳಿತು, ಕಾಂಗ್ರೆಸ್ಸೂ ಹೇಳಿತು. ನಾವೂ ಸ್ಟುಡಿಯೋದಲ್ಲಿ ಬಣ್ಣ ಬಣ್ಣದ ಪಟ್ಟಿ ಮಾಡಿ ತೋರಿಸಿದೆವು. ಗೆದ್ದವನ ಮೇಲೆ ಹಕ್ಕು ಎಲ್ಲರಿಗೂ ಬೇಕು. ಅವನ ಪಂಚಾಯಿತಿಯ ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಯಾರಿಗೂ ಹಕ್ಕು ಬೇಡ.

ಇಲ್ಲಿ ನಾನು ನನ್ನದೊಂದು ವಿಷಯ ಹೇಳಬೇಕು. ಹೇಳದಿದ್ದರೆ ಇಷ್ಟು ಹೊತ್ತು ಮಾತಾಡಿದ್ದು ಕಪಟ ಆಗುತ್ತೆ.

ನನಗೂ ಒಂದು ಊರಿದೆ. ಅಪ್ಪ ಕಟ್ಟಿಸಿದ ಮನೆ ಇದೆ. ಅಪ್ಪ ಇರೋವರೆಗೂ ಯುಗಾದಿ ಕಳೆದ ವಾರ ಪಂಚಾಯಿತಿಗೆ ಹೋಗಿ ಕಂದಾಯ ಕಟ್ಟಿ, ಆ ರಸೀದಿಯನ್ನು ಪಂಚಾಂಗದ ಒಳಗೆ ಮಡಚಿ ಇಡೋರು. ಅಪ್ಪ ಹೋದ ಮೇಲೆ ಮನೆಗೆ ಬೀಗ. ವರ್ಷಕ್ಕೆ ಎರಡು ಸಲ ಹೋಗ್ತೀನಿ. ಹೋದ ವರ್ಷ ಹಬ್ಬಕ್ಕೆ ಹೋದಾಗ ಮನೆ ಮುಂದಿನ ಚರಂಡಿ ತುಂಬಿ ವಾಸನೆ, ಬೀದಿ ದೀಪ ಉರೀತಿಲ್ಲ. ನನಗೆ ಸಿಟ್ಟು ಬಂತು. ಟಿವಿಯವನ ಸಿಟ್ಟು ಗೊತ್ತಲ್ಲ, ಸೀದಾ ಪಂಚಾಯಿತಿ ಆಫೀಸಿಗೆ ಹೋಗಿ ಜೋರಾಗಿ ಮಾತಾಡಿದೆ. ಅಲ್ಲಿದ್ದ ಕರ ವಸೂಲಿಗಾರ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಪುಸ್ತಕ ತಿರುಗಿಸಿ ನನ್ನ ಕಡೆ ತಳ್ಳಿದರು. ಅಪ್ಪನ ಹೆಸರು. ಅದರ ಮುಂದೆ ಆರು ವರ್ಷದ ಬಾಕಿ.

ಆ ಪುಸ್ತಕದಲ್ಲಿ ಅಪ್ಪ ಬಾಕಿದಾರ. ಅವರು ಬದುಕಿದ್ದಾಗ ಒಂದು ದಿನವೂ ಬಾಕಿ ಇಟ್ಟವರಲ್ಲ. ಆ ಬಾಕಿ ನನ್ನದು. ದಿನಾ ರಾತ್ರಿ ಒಂಬತ್ತು ಗಂಟೆಗೆ ಸರ್ಕಾರಗಳ ಲೆಕ್ಕ ಕೇಳೋ ನಾನು, ನನ್ನೂರಿನ ಲೆಕ್ಕದಲ್ಲಿ ಸಾಲಗಾರ. ಕಟ್ಟಿದೆ ಬಿಡಿ. ಹೆಚ್ಚು ದುಡ್ಡೂ ಅಲ್ಲ, ಬೆಂಗಳೂರಲ್ಲಿ ಒಂದು ಹೊತ್ತು ಹೊರಗೆ ಊಟ ಮಾಡಿದರೆ ಅದಕ್ಕಿಂತ ಜಾಸ್ತಿ ಆಗುತ್ತೆ. ಆ ಕರ ವಸೂಲಿಗಾರರು ರಸೀದಿ ಹರಿದು ಕೊಡುವಾಗ ಹೇಳಿದ ಮಾತು ಇದು: "ಈಗ ಕೇಳಿ ಸಾರ್, ಚರಂಡಿ ವಿಚಾರ."

ಈಗ ಕೇಳಿ. ಈ ಎರಡು ಪದದಲ್ಲಿ ಪಂಚಾಯತ್ ರಾಜ್ ವ್ಯವಸ್ಥೆ ಪೂರ್ತಿ ಇದೆ.

ಸರಿ, ನಾನು ಕಟ್ಟಿದೆ, ಕೇಳಿದೆ. ಹದಿನಾರಿನವರೂ ಕಟ್ಟಿದರು, ಕೇಳಿದರು ಅಂತ ಇಟ್ಟುಕೊಳ್ಳಿ. ಊರಿನ ಚರಂಡಿಗೆ ಉತ್ತರ ಕೊಡೋಕೆ ಗ್ರಾಮ ಪಂಚಾಯಿತಿ ಇದೆ. ಆದರೆ ಹತ್ತು ಹಳ್ಳಿಗೆ ಒಟ್ಟಿಗೆ ನೀರು ಕೊಡೋ ಬಹುಗ್ರಾಮ ಯೋಜನೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧಿ, ಶಾಲೆಯ ಕೊಠಡಿ, ಇವು ಒಂದು ಗ್ರಾಮ ಪಂಚಾಯಿತಿಯ ಕೈ ಮೀರಿದವು. ಅದಕ್ಕೆ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಇರಬೇಕು. ಇದ್ದಾವಾ? ಕಟ್ಟಡ ಇದೆ, ಬೋರ್ಡ್ ಇದೆ, ಅಧಿಕಾರಿ ಇದ್ದಾರೆ. ಜನ ಆರಿಸಿದ ಒಬ್ಬ ಸದಸ್ಯ ಇಲ್ಲ.

ಕೊನೆಯ ಸಲ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷದ ಅವಧಿ ಮುಗಿಯೋ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತೆ. 2025 ಬಂದರೂ ಚುನಾವಣೆ ಆಗಲಿಲ್ಲ. ಹದಿನಾರಿನ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರ್ತವೆ. ಹಿಮಾಲಯ ದಾಟಿ ಬರೋ ಹಕ್ಕಿಗಳು, ವರ್ಷ ತಪ್ಪಿಸಲ್ಲ. ಮೈಸೂರಿನಿಂದ ಗಂಟೆಯೊಳಗೆ ಬರಬಹುದಾದ ಜಿಲ್ಲಾ ಪಂಚಾಯಿತಿ ಅಭ್ಯರ್ಥಿ ಮಾತ್ರ 2016ರ ನಂತರ ಬಂದಿಲ್ಲ. ಆ ಚುನಾವಣೆಯ ನಂತರ 18 ತುಂಬಿದ ಹುಡುಗ ಹುಡುಗಿಯರು, 2025ರ ಹೊತ್ತಿಗೆ ಕೆಲವರಿಗೆ 27 ವರ್ಷ, ಜೀವನದಲ್ಲಿ ಒಂದು ಸಲವೂ ಜಿಲ್ಲಾ ಪಂಚಾಯಿತಿಗೆ ಮತ ಹಾಕಿಲ್ಲ.

ಯಾರ ತಪ್ಪು? ಒಂದೇ ಪಕ್ಷದ ಮೇಲೆ ಹಾಕಿ ಕೈತೊಳೆಯೋಕೆ ಆಗಲ್ಲ. ಅವಧಿ ಮುಗಿದಾಗ ಇದ್ದದ್ದು ಬಿಜೆಪಿ ಸರ್ಕಾರ. ಕ್ಷೇತ್ರ ಮರುವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಡೋ ತಿದ್ದುಪಡಿ 2021ರಲ್ಲಿ ಬಂತು. 2023ರ ಮೇನಲ್ಲಿ ಕಾಂಗ್ರೆಸ್ ಸರ್ಕಾರ ಬಂತು. ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಕಾರಣಗಳು ಮುಂದುವರಿದವು. ಸರ್ಕಾರ ಬದಲಾಯಿತು, ಕಾರಣ ಬದಲಾಗಲಿಲ್ಲ. ವಿರೋಧ ಪಕ್ಷದಲ್ಲಿ ಕೂತವರು ಯಾರೂ ಇದಕ್ಕಾಗಿ ಪಾದಯಾತ್ರೆ ಮಾಡಲಿಲ್ಲ. ಜಿಲ್ಲಾ ಪಂಚಾಯಿತಿ ಅಧ್ಯಕ್ಷ ಇಲ್ಲದಿದ್ದರೆ ಕೆಡಿಪಿ ಸಭೆಯಲ್ಲಿ ಶಾಸಕರ ಎದುರು ಕೂರೋ ಇನ್ನೊಬ್ಬ ಜನಪ್ರತಿನಿಧಿ ಇರಲ್ಲ. ಗುದ್ದಲಿ ಪೂಜೆಗೆ ಒಂದೇ ಗುದ್ದಲಿ ಸಾಕು. ಈ ವಿಷಯದಲ್ಲಿ ಎಲ್ಲ ಪಕ್ಷದ ಶಾಸಕರೂ ಒಂದೇ ಪಕ್ಷ.

ಇದು ಎಲ್ಲಿ ಆಗ್ತಾ ಇದೆ ಅನ್ನೋದು ಇನ್ನೂ ನೋವಿನ ವಿಷಯ. ಹದಿನಾರಿಗೆ ದೂರ ಇಲ್ಲದ ಗುಂಡ್ಲುಪೇಟೆ ಅಬ್ದುಲ್ ನಜೀರ್ ಸಾಬ್ ಅವರ ಊರು. ರಾಮಕೃಷ್ಣ ಹೆಗಡೆ ಸರ್ಕಾರದ ಗ್ರಾಮೀಣಾಭಿವೃದ್ಧಿ ಮಂತ್ರಿ. ಕೊಳವೆ ಬಾವಿ ಕೊರೆಸಿ ಜನರ ಬಾಯಲ್ಲಿ ನೀರ್ ಸಾಬ್ ಆದವರು. 1983ರ ಕಾಯ್ದೆ ತಂದರು, 1987ರಲ್ಲಿ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ಚುನಾವಣೆ ನಡೆಯಿತು. ಹೆಣ್ಣುಮಕ್ಕಳಿಗೆ ಶೇ 25 ಮೀಸಲು ಕೊಟ್ಟರು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಕೊಟ್ಟರು. ಒಬ್ಬ ಮಂತ್ರಿ ತನ್ನ ಕೈಯಲ್ಲಿದ್ದ ಅಧಿಕಾರ ಬಿಚ್ಚಿ ಕೆಳಗಿನವರಿಗೆ ಹಂಚಿದ ಉದಾಹರಣೆ ನಮ್ಮ ರಾಜಕೀಯದಲ್ಲಿ ಎಷ್ಟು ಸಿಗ್ತವೆ ಹೇಳಿ? ದೇಶದ 73ನೇ ತಿದ್ದುಪಡಿ ಬಂದದ್ದು ಅದಾದ ಮೇಲೆ, 1993ರಲ್ಲಿ. ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡೋ ಮೈಸೂರಿನ ಸಂಸ್ಥೆಗೆ ಇವತ್ತು ನಜೀರ್ ಸಾಬ್ ಹೆಸರಿದೆ. ಸಂಸ್ಥೆ ಇದೆ, ತರಬೇತಿ ಕೊಡೋಕೆ ಜಿಲ್ಲಾ ಪಂಚಾಯಿತಿ ಸದಸ್ಯರೇ ಇಲ್ಲ.

ಇನ್ನೊಂದು. ಮೈಸೂರು, ನಂಜನಗೂಡು, ತಿ. ನರಸೀಪುರ ಮೂರೂ ತಾಲ್ಲೂಕಿಗೆ ಹಬ್ಬಿದ ಕ್ಷೇತ್ರ ವರುಣಾ. ಅದು ಸಿದ್ದರಾಮಯ್ಯನವರ ಕ್ಷೇತ್ರ. ಅವರು 1983ರಲ್ಲಿ ಶಾಸಕರಾದರು. ಅದಕ್ಕೂ ಮೊದಲು, 1978ರಲ್ಲಿ, ಏನಾಗಿದ್ದರು? ಮೈಸೂರು ತಾಲ್ಲೂಕು ಬೋರ್ಡ್ ಸದಸ್ಯರಾಗಿದ್ದರು. ಹಳ್ಳಿಯ ಹುಡುಗ ವಿಧಾನಸೌಧಕ್ಕೆ ಹತ್ತಿದ ಏಣಿಯ ಮೊದಲ ಮೆಟ್ಟಿಲು ಅದು. ಸಿದ್ದರಾಮಯ್ಯನವರೇ, ನಿಮ್ಮನ್ನು ಗೌರವದಿಂದಲೇ ಕೇಳ್ತೀನಿ. ಇವತ್ತು ನಿಮ್ಮ ಸೀಮೆಯಲ್ಲಿ ನಿಮ್ಮಂಥ ಒಬ್ಬ ಹುಡುಗ ಇದ್ದರೆ, ಅಪ್ಪ ರಾಜಕಾರಣಿ ಅಲ್ಲದ, ದುಡ್ಡಿಲ್ಲದ ಹುಡುಗ, ಅವನು ಯಾವ ಮೆಟ್ಟಿಲು ಹತ್ತಬೇಕು? ನೀವು ಹತ್ತಿದ ಮೆಟ್ಟಿಲು ಈಗ ಅಲ್ಲಿಲ್ಲ.

ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರಿಗೆ ನವಕೋಟಿ ನಾರಾಯಣ ಅನ್ನೋ ಬಿರುದಿತ್ತು. ದಿನಾ ಬೊಕ್ಕಸಕ್ಕೆ ಎರಡು ಚೀಲ ಹಣ ಬಿದ್ದ ಮೇಲೆಯೇ ಅವರು ಊಟಕ್ಕೆ ಕೂರ್ತಿದ್ದರು ಅಂತ ಕಥೆ. ಅವರ ತೆರಿಗೆಯ ವಿರುದ್ಧ ರೈತರು ದಂಗೆ ಎದ್ದರು. ಅದು ರಾಜರ ಕಾಲ, ತೆರಿಗೆ ಕೊಟ್ಟವನಿಗೆ ಕೇಳೋ ಜಾಗ ಇರಲಿಲ್ಲ, ದಂಗೆ ಒಂದೇ ದಾರಿ. ಪ್ರಜಾಪ್ರಭುತ್ವ ಅಂದರೆ ದಂಗೆಯ ಬದಲು ಸಭೆ. ಕೇಳೋಕೆ ಒಂದು ಜಾಗ, ಉತ್ತರ ಹೇಳೋಕೆ ಒಬ್ಬ ಮನುಷ್ಯ. ನಾವು ಜಾಗವನ್ನೂ ಖಾಲಿ ಬಿಟ್ಟಿದ್ದೇವೆ, ಮನುಷ್ಯನನ್ನೂ ಆರಿಸಿಲ್ಲ.

ಹಾಗಾದರೆ ನಾವೇನು ಮಾಡಬೇಕು? ವೀಕ್ಷಕರೇ, ನಿಮ್ಮಲ್ಲಿ ಎಷ್ಟೋ ಜನಕ್ಕೆ ಊರಲ್ಲಿ ಮನೆ ಇದೆ. ಮೊದಲು ಆ ಕಂದಾಯ ಕಟ್ಟಿ. ರಸೀದಿ ತಗೊಳ್ಳಿ, ಪೂರ್ತಿ ಓದಿ. ಗ್ರಂಥಾಲಯ ಕರ ಅಂತ ಇದ್ದರೆ ಊರಿನ ಗ್ರಂಥಾಲಯದ ಬಾಗಿಲು ತೆರೆದಿದೆಯಾ ಅಂತ ಹೋಗಿ ನೋಡಿ. ವರ್ಷಕ್ಕೊಮ್ಮೆ ಜಮಾಬಂದಿ ಆಗುತ್ತೆ, ಪಂಚಾಯಿತಿ ತನ್ನ ಜಮಾ ಖರ್ಚನ್ನು ಜನರ ಮುಂದೆ ಇಡಬೇಕಾದ ದಿನ ಅದು. ಹೋಗಿ ಕೂತುಕೊಳ್ಳಿ. ತೆರಿಗೆ ಬೇಡಿಕೆ ಎಷ್ಟು, ವಸೂಲಿ ಎಷ್ಟು, ದೊಡ್ಡ ಬಾಕಿದಾರರು ಯಾರು, ಈ ಮೂರು ಕೇಳಿ. ಬಾಕಿದಾರರ ಪಟ್ಟಿಯಲ್ಲಿ ನನ್ನಂಥವರ ಹೆಸರು ಇರಬಹುದು. ಇದ್ದರೆ ಓದಿಸಿ, ನಾಚಿಕೆ ಆಗಲಿ.

ಮುಂದೆ ಯಾವತ್ತಾದರೂ ಆ ಚುನಾವಣೆ ಬಂದೇ ಬರುತ್ತೆ. ಆಗ ಮನೆ ಬಾಗಿಲಿಗೆ ಬರೋ ಅಭ್ಯರ್ಥಿಯನ್ನು ಯಾವ ಪಕ್ಷ ಅಂತ ಕೇಳೋ ಮೊದಲು ಒಂದು ಮಾತು ಕೇಳಿ: ನಿನ್ನ ಮನೆ ಕಂದಾಯದ ರಸೀದಿ ತೋರಿಸಪ್ಪ. ತೋರಿಸಿದವನ ಜೊತೆ ಮುಂದಿನ ಮಾತು.

ನನ್ನ ರಸೀದಿ ಈಗ ಅಪ್ಪನ ಹಳೇ ಪಂಚಾಂಗದ ಒಳಗಿದೆ. ಬರೋ ಯುಗಾದಿಗೆ ಇನ್ನೊಂದು ಸೇರುತ್ತೆ. ಚರಂಡಿ? ಅರ್ಧ ತೆಗೆದಿದ್ದಾರೆ. ಇನ್ನರ್ಧ ಕೇಳ್ತಾ ಇದ್ದೀನಿ.